ಹೊಂಗೆ ಚಿಗುರಿದರೆ ವರ್ಷ ಶುರುವೇ?

ಪ್ರಶ್ನೆ ಇಷ್ಟು: ಋತುವಿನ ತಿರುವುಗಳನ್ನು ಗಮನಿಸುತ್ತ, ಅಲ್ಲಲ್ಲಿ ನಿಂತು ಹಿಂದಿರುಗಿ ನೋಡುತ್ತ ಬದುಕುವುದು ಈ ಕಾಲಕ್ಕೆ ಒಗ್ಗುತ್ತದೆಯೇ? ಒಗ್ಗುತ್ತದೆ ಎನ್ನುವವರು ಮೈಸೂರಿನ ಸರಸ್ವತಿಪುರಂನಲ್ಲಿರುವ ಅಕ್ಕ. ಒಗ್ಗುವುದಿಲ್ಲ ಎನ್ನುವವರು ಮದ್ದೂರು ತಾಲ್ಲೂಕಿನಲ್ಲಿ ಬೇಸಾಯ ಮಾಡುವ ಅವರ ತಮ್ಮ. ಅಕ್ಕನ ಬರಹ ಓದಿದ ಮೇಲೆಯೇ ತಮ್ಮ ಬರೆದದ್ದು.

ಪರ: ಒಂದೇ ಪುಟದಲ್ಲಿ ಆರು ವರ್ಷ

ಬ್ಯಾಂಕಿನ ನೌಕರಿಯಲ್ಲಿ ನಾನು ಕಳೆದದ್ದು ಮೂವತ್ತೊಂದು ವರ್ಷ. ಅಷ್ಟೂ ಕಾಲ ನನ್ನ ಪಾಲಿಗೆ ವರ್ಷ ಮುಗಿಯುತ್ತಿದ್ದದ್ದು ಮಾರ್ಚ್ 31ರ ರಾತ್ರಿ, ಲೆಕ್ಕ ತಾಳೆಯಾದ ಮೇಲೆ. ಯುಗಾದಿ ಬಹುಪಾಲು ಅದರ ಆಸುಪಾಸಿನಲ್ಲೇ ಬೀಳುವುದರಿಂದ ಹೋಳಿಗೆಯನ್ನು ಬಿಸಿಯಾಗಿ ತಿಂದ ನೆನಪು ನನಗೆ ಕಡಿಮೆ. ಮನೆ ಮುಂದೆ ಒಂದು ಹೊಂಗೆ ಮರವಿದೆ ಎಂಬುದು ಗೊತ್ತಿತ್ತು. ಸ್ಕೂಟರನ್ನು ಅದರ ನೆರಳಿಗೇ ನಿಲ್ಲಿಸುತ್ತಿದ್ದೆ. ಆದರೆ ಆ ಮರ ವರ್ಷಕ್ಕೊಮ್ಮೆ ಎಲೆಯೆಲ್ಲ ಉದುರಿಸಿ, ನೋಡನೋಡುತ್ತಿದ್ದಂತೆ ಎಣ್ಣೆ ಹಚ್ಚಿದಂಥ ಎಳೆಹಸಿರು ಹೊದ್ದು ನಿಲ್ಲುತ್ತದೆ ಎಂಬುದನ್ನು ಕಂಡದ್ದು ನಿವೃತ್ತಿಯಾದ ಮೇಲೆ, 2020ರಲ್ಲಿ. ಅರವತ್ತು ತುಂಬಿದ ಹೆಂಗಸು ಮನೆ ಮುಂದಿನ ಮರವನ್ನು ಮೊದಲ ಸಲ ನೋಡಿದಳು ಎಂದು ನಗಬೇಡಿ. ನಿಮ್ಮ ಮನೆ ಎದುರಿನ ಮರ ಯಾವ ತಿಂಗಳಲ್ಲಿ ಬೋಳಾಗುತ್ತದೆ, ಹೇಳಿ ನೋಡೋಣ.

ಆ ವರ್ಷ ಬ್ಯಾಂಕಿನಲ್ಲಿ ಕೊಟ್ಟ ಡೈರಿಯೊಂದು ಖಾಲಿ ಬಿದ್ದಿತ್ತು. ದಿನಕ್ಕೊಂದು ಪುಟ. ನನಗೋ ದಿನಕ್ಕೆ ಒಂದು ಸಾಲಿಗಿಂತ ಹೆಚ್ಚು ಬರೆಯುವಂಥದ್ದೇನೂ ಇರಲಿಲ್ಲ. ಹಾಳೆ ದಂಡವಾಗಬಾರದೆಂದು ಮರುವರ್ಷವೂ ಅದೇ ಡೈರಿಯಲ್ಲಿ, ಅದೇ ತಾರೀಕಿನ ಪುಟದಲ್ಲಿ, ಹಿಂದಿನ ಸಾಲಿನ ಕೆಳಗೇ ಬರೆದೆ. ಅದೇ ರೂಢಿಯಾಯಿತು. ವಾರದ ಹೆಸರು ತಪ್ಪಿರುತ್ತದೆ, ಇರಲಿ. ಈ ಸಲ, 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ. ಆ ಪುಟವನ್ನು ಮೊನ್ನೆಯೇ ತೆರೆದು ನೋಡಿದೆ.

2020: ಹೊಂಗೆ ಪೂರ್ತಿ ಚಿಗುರಿದೆ. ಅಂಗಡಿಯಲ್ಲಿ ಜನ ಮೂಟೆಗಟ್ಟಲೆ ಅಕ್ಕಿ ಒಯ್ಯುತ್ತಿದ್ದಾರೆ.
2021: ಕೋಗಿಲೆ ನಾಲ್ಕು ಗಂಟೆಗೇ ಶುರು ಮಾಡಿತು. ನಿದ್ದೆ ಕೆಟ್ಟಿತು.
2022: ಬೇವಿನ ಹೂ ಎಲ್ಲೂ ಸಿಗಲಿಲ್ಲ. ನಾಲ್ಕು ಬೀದಿ ಸುತ್ತಿದೆ.
2023: ನಿನ್ನೆ ಸಂಜೆ ಮಳೆ. ಮಾವಿನ ಮಿಡಿ ಅಂಗಳದ ತುಂಬ.
2024: ಚಿಗುರಿನ ಮೇಲೂ ಧೂಳು. ಪಕ್ಕದ ಮನೆಗೆ ನೀರಿನ ಟ್ಯಾಂಕರ್ ಬಂತು.
2025: ಯುಗಾದಿಗೆ ಇನ್ನು ಹನ್ನೊಂದು ದಿನ. ಅವ್ವ ಇಲ್ಲದ ಮೊದಲನೆಯದು.

ಹೊಸ ವರ್ಷಕ್ಕೆ ಆತ್ಮಾವಲೋಕನ ಮಾಡಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಏನನ್ನು ಮುಂದಿಟ್ಟುಕೊಂಡು ಮಾಡಿಕೊಳ್ಳುವುದು? ನೆನಪನ್ನು ಕೇಳಿದರೆ ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಈ ಪುಟ ಹಾಗಲ್ಲ. 2022ರಲ್ಲಿ ನಾಲ್ಕು ಬೀದಿ ಸುತ್ತಿದ್ದನ್ನು ಬರೆದುಕೊಂಡಿದ್ದೇನೆ. ಆ ಹೊತ್ತಿಗೆ ಅವ್ವ ಊರಿನಿಂದ ಬಂದು ನನ್ನ ಅಡುಗೆಮನೆಯಲ್ಲೇ ಕೂತಿದ್ದಳು ಎಂಬುದನ್ನು ಬರೆದಿಲ್ಲ. ಅಂದು ನನಗೆ ಬೇವಿನ ಹೂ ಸುದ್ದಿಯಾಗಿತ್ತು, ಅವ್ವ ಸುದ್ದಿಯಾಗಿರಲಿಲ್ಲ. ಇಂಥದ್ದನ್ನು ಯಾವ ಪ್ರವಚನವೂ ನನಗೆ ಹೇಳಿಕೊಟ್ಟಿಲ್ಲ.

ಜನವರಿ ಒಂದರ ಮೇಲೆ ನನಗೆ ಸಿಟ್ಟೇನಿಲ್ಲ. ಕೇಕು ನಾನೂ ತಿನ್ನುತ್ತೇನೆ. ಆದರೆ ಆ ದಿನದ ಸಂಕಲ್ಪಗಳು ಬಾಳುವುದಿಲ್ಲ ಎಂಬುದಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯೇ ಸಾಕ್ಷಿ. ಜನವರಿ ಎರಡರ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲ ಹೊಸ ಬೂಟುಗಳು. ಸಂಕ್ರಾಂತಿಯ ಹೊತ್ತಿಗೆ ಮತ್ತೆ ನಾವೇ ಹಳೆಯ ಮುಖಗಳು, ಮತ್ತು ಹೆಜ್ಜಾರ್ಲೆ ಹಕ್ಕಿಗಳು. ಆ ದಿನ ಸುತ್ತಮುತ್ತ ಏನೂ ಶುರುವಾಗಿರುವುದಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ಒಂದನ್ನು ಬಿಟ್ಟು. ಮೊಳೆಗೆ ತೂಗಿದ ಕಾಗದ ನಂಬಿ ಮೈ ಏಳುವುದಿಲ್ಲ. ಹೊಂಗೆ ಚಿಗುರುವಾಗ, ಬೆಳಗಿನ ಐದಕ್ಕೆ ಕೋಗಿಲೆ ಎಬ್ಬಿಸುವಾಗ, ತಾನಾಗಿಯೇ ಏಳುತ್ತದೆ. ನನ್ನದು ಅಷ್ಟೇ ವಾದ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ, ಅದು ಸರಿಯಾದದ್ದೇ. ಋತು ಎಂದರೆ ಪಂಚಾಂಗ, ಪಂಚಾಂಗವೇ ತಪ್ಪಲ್ಲವೇ? ತಪ್ಪು ಇದೆ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲಿ ತಿರುಗುವುದರಿಂದ ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಷ್ಟು ಲೆಕ್ಕ ಋತುವಿನಿಂದ ಜಾರುತ್ತ ಹೋಗುತ್ತದೆ. ನಮ್ಮ ಅಡುಗೆಮನೆಯ ದಕ್ಷಿಣದ ಬಾಗಿಲಿನಿಂದ ಬೀಳುವ ಮಧ್ಯಾಹ್ನದ ಬಿಸಿಲು ನವೆಂಬರ್‌ನಲ್ಲಿ ಮೆಲ್ಲಗೆ ಒಳಗೆ ತೆವಳಲು ತೊಡಗಿ, ಡಿಸೆಂಬರ್ 22ರ ಸುಮಾರಿಗೆ ಅಕ್ಕಿ ಡಬ್ಬದ ಬುಡ ಮುಟ್ಟಿ, ಅಲ್ಲಿಂದ ಹಿಂದೆ ಸರಿಯುತ್ತದೆ. ಅಂದರೆ ನಮ್ಮ ಮನೆಯಲ್ಲಿ ಉತ್ತರಾಯಣ ಡಿಸೆಂಬರ್‌ನಲ್ಲೇ ಆಗಿಹೋಗಿರುತ್ತದೆ. ಎಳ್ಳುಬೆಲ್ಲ ಬೀರುವುದು ಮಾತ್ರ ಜನವರಿ 14ಕ್ಕೋ 15ಕ್ಕೋ. ಸರ್ಕಾರ ಇದನ್ನು ಸರಿಪಡಿಸಲು ನೋಡಲಿಲ್ಲವೆಂದಲ್ಲ. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ತಂದಿತು. ಅದರ ಚೈತ್ರ ಮಾಸ ಹಗಲು ರಾತ್ರಿ ಸಮನಾಗುವ ದಿನದ ಮರುದಿನವೇ ಹುಟ್ಟುತ್ತದೆ. ಅಷ್ಟು ಅಚ್ಚುಕಟ್ಟು. ಆದರೆ ಆ ದಿನಕ್ಕೆಂದು ಯಾರ ಮನೆಯಲ್ಲೂ ಕಡಲೆಬೇಳೆ ಬೇಯುವುದಿಲ್ಲ.

ಆದ್ದರಿಂದ ನಾನು ಪಂಚಾಂಗದ ಪರ ವಕಾಲತ್ತು ಮಾಡುತ್ತಿಲ್ಲ. ಬಾಗಿಲಿನ ಬಿಸಿಲಿನ ಪರ ಮಾಡುತ್ತಿದ್ದೇನೆ. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹನ್ನೆರಡು ಡಿಗ್ರಿ ಚಿಲ್ಲರೆ ದೂರದಲ್ಲಿದೆ. ಏಪ್ರಿಲ್ ಕೊನೆಯ ಭಾಗದಲ್ಲಿ ಒಂದು ದಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬಂದು, ಅಂಗಳದ ತುಳಸಿಕಟ್ಟೆಗೆ ನೆರಳೇ ಇಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಶಾಲೆಯಲ್ಲಿ ಇದನ್ನು ಓದಿ ಅಂಕ ತೆಗೆದುಕೊಂಡವಳು ನಾನು; ಕಣ್ಣಿನಿಂದ ಕಂಡದ್ದು ಅರವತ್ತೊಂದರಲ್ಲಿ.

ಊಟದ ಮಾತು ಸ್ವಲ್ಪ. ಈಗ ಎಲ್ಲವೂ ಎಲ್ಲ ಕಾಲದಲ್ಲೂ ಸಿಗುತ್ತದೆ, ಜೂನ್‌ನಲ್ಲೂ ಅವರೆಕಾಳು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರಲ್ಲಿ ಸೊಗಡು ಇರುವುದಿಲ್ಲ ಎಂಬುದು ತಿಂದವರಿಗೆ ಗೊತ್ತು. ನಮ್ಮ ಬೀದಿಗೆ ಸೊಪ್ಪು ತರುವ ಹೆಂಗಸನ್ನು ಮಾರ್ಚ್‌ನಲ್ಲಿ ಒಮ್ಮೆ ಬೆರಕೆ ಸೊಪ್ಪು ಕೇಳಿದೆ. "ಈಗೆಲ್ಲಿ ತರಲಿ ತಾಯಿ, ಮಳೆ ಬೀಳಲಿ, ಅಣ್ಣೆ ಸೊಪ್ಪು ಕನ್ನೆ ಸೊಪ್ಪು ತಾನಾಗಿ ಏಳುತ್ತದೆ" ಎಂದಳು. ಇಲ್ಲ ಎನ್ನುವ ಅಂಗಡಿ ಊರಿನಲ್ಲಿ ಅವಳದೊಂದೇ ಉಳಿದಿರುವುದು. ಮೇ ಮಳೆ ಬಿದ್ದ ಹತ್ತು ದಿನಕ್ಕೆ ಮಡಿಲು ತುಂಬ ತಂದು ಸುರಿದಳು; ಅಂದು ಮಾಡಿದ ಉಪ್ಪುಸಾರಿನ ರುಚಿ ಡೈರಿಯಲ್ಲಿ ಒಂದು ಸಾಲು ದಾಟಿದೆ.

ಬರುತ್ತಿರುವ ಸಂವತ್ಸರದ ಹೆಸರು ಪರಾಭವ. ಕೇಳಿದವರೆಲ್ಲ ಮುಖ ಸಣ್ಣಗೆ ಮಾಡುತ್ತಿದ್ದಾರೆ. ಮೇಲಾಗಿ ಅಧಿಕ ಜ್ಯೇಷ್ಠ ಬೇರೆ, ಹದಿಮೂರು ತಿಂಗಳ ವರ್ಷ; ಮುಂದಿನ ಯುಗಾದಿ 2027ರ ಏಪ್ರಿಲ್ 7ಕ್ಕೆ. ನನಗೆ ಇದು ಇಷ್ಟವಾದ ಏರ್ಪಾಟು. ಚಂದ್ರನ ಲೆಕ್ಕ ಸೂರ್ಯನಿಗಿಂತ ಮುಂದೆ ಓಡಿದಾಗ ಪಂಚಾಂಗ ಇಡೀ ಒಂದು ತಿಂಗಳು ಕೊಟ್ಟು ಕಾಯುತ್ತದೆ. ಬ್ಯಾಂಕಿನಲ್ಲಿ ನಮಗೆ ಹದಿನೈದು ನಿಮಿಷ ಹೆಚ್ಚಿಗೆ ಕೊಟ್ಟವರಿಲ್ಲ.

ತಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. "ಅಕ್ಕ, ಮರ ನೋಡಿಕೊಂಡು ಕೂರಲು ನಿನಗೆ ಸಂಬಳ ಕೊಡುತ್ತಾರಲ್ಲ, ನನಗೂ ಕೊಡಿಸು" ಎಂದ. ಮುಂದಿನದನ್ನು ಅವನೇ ಬರೆಯಲಿ.

ವಿರೋಧ: ನಮ್ಮ ಋತು ತೂಬಿನಲ್ಲಿ ಬರುತ್ತದೆ

ಅಕ್ಕನ ಡೈರಿ ನಾನೂ ನೋಡಿದ್ದೇನೆ. ಚೆನ್ನಾಗಿದೆ. ನನ್ನ ಹತ್ತಿರವೂ ಒಂದು ಪುಸ್ತಕವಿದೆ, ಸಹಕಾರ ಸಂಘದ ಸಾಲದ ಪುಸ್ತಕ. ಅದರಲ್ಲೂ ಒಂದು ಪುಟಕ್ಕೆ ಐದಾರು ವರ್ಷ ಹಿಡಿಸುತ್ತದೆ, ಒಂದೊಂದು ಸಾಲು. ಅಕ್ಕ ಬ್ಯಾಂಕು ಬಿಟ್ಟು ಮಾರ್ಚ್ 31ರಿಂದ ತಪ್ಪಿಸಿಕೊಂಡಳು; ಸಾಲ ತೀರಿಸುವವನಿಗೆ ಆ ತಾರೀಕಿನಿಂದ ನಿವೃತ್ತಿ ಇಲ್ಲ.

ನಮ್ಮ ತಾತ ಮಳೆ ನಕ್ಷತ್ರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಹದಿಮೂರು ಹದಿನಾಲ್ಕು ದಿನಕ್ಕೊಂದು. ಯಾವುದಕ್ಕೆ ಎಳ್ಳು, ಯಾವುದಕ್ಕೆ ರಾಗಿ, ಎಲ್ಲ ಬಾಯಿಪಾಠ. ಅವನು ಹುಟ್ಟಿದ್ದು ಹೊಲದ ಊರಿನಲ್ಲಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ಕೆಲಸ ಶುರುವಾಗಿ, ಆಮೇಲೆ ನಾಲೆ ಬಂದು, ಹೊಲ ಗದ್ದೆಯಾಯಿತು. ನನಗೆ ಬಾಯಿಪಾಠವಾಗಿರುವುದು ಒಂದೇ ಸಂಖ್ಯೆ, 124.80. ಅಣೆಕಟ್ಟೆ ತುಂಬಿದರೆ ಅಷ್ಟು ಅಡಿ. ಮಂಡ್ಯ ಜಿಲ್ಲೆಯಲ್ಲಿ ಯಾವ ಹುಡುಗನನ್ನು ಬೇಕಾದರೂ ಕೇಳಿ, ತನ್ನ ಹುಟ್ಟಿದ ತಾರೀಕು ತಡವರಿಸಿದರೂ ಇದನ್ನು ತಪ್ಪಿಲ್ಲದೆ ಹೇಳುತ್ತಾನೆ. ನೀರಾವರಿ ಸಲಹಾ ಸಮಿತಿಯ ಸಭೆ ಎಂದು ಕೂತು, ನಾಲೆಗೆ ಎಂದು ನೀರು, ಕಟ್ಟು ಪದ್ಧತಿಯಲ್ಲಿ ಎಷ್ಟು ದಿನ ಬಿಡುವುದು ಎಷ್ಟು ದಿನ ನಿಲ್ಲಿಸುವುದು ಎಂದು ತೀರ್ಮಾನಿಸುತ್ತದೋ ಅಂದು ನಮ್ಮ ಋತು ಬದಲಾಗುತ್ತದೆ. ಅದೂ ಎಲ್ಲರಿಗೂ ಒಂದೇ ದಿನವಲ್ಲ. ನಮ್ಮದು ನಾಲೆಯ ಕೊನೆ ಭಾಗ. ಮೇಲಿನವರಿಗೆ ಮಳೆಗಾಲ ಶುರುವಾಗಿ ವಾರವಾದ ಮೇಲೆ ನಮಗೆ ಬರುತ್ತದೆ. ಕೆಲವು ಸಲ ಬರುವುದೇ ಇಲ್ಲ, ನೀರು ಹಂಚುವ ನೀರುಗಂಟಿಯ ಮೊಬೈಲ್ ಮಾತ್ರ ಬಡಿದುಕೊಳ್ಳುತ್ತಿರುತ್ತದೆ.

ಪಂಚಾಂಗ ವರ್ಷಾಋತುವಿಗೆ ಸೇರಿಸುವ ಶ್ರಾವಣ ನಮ್ಮಲ್ಲಿ ನಿಜವಾದ ಮಳೆಗಾಲವೇ ಅಲ್ಲ. ಮೈಸೂರು ಮಂಡ್ಯ ಸೀಮೆಗೆ ದೊಡ್ಡ ಮಳೆ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ನಮ್ಮಲ್ಲಿ ಬೀಳುವುದು ಕೊಡೆ ಬಿಚ್ಚಬೇಕೋ ಬೇಡವೋ ಎನ್ನುವಂಥ ತುಂತುರು. ಆಗ ಭಾಗಮಂಡಲದಲ್ಲಿ ಜಡಿಮಳೆ ಹಿಡಿದಿರುತ್ತದೆ, ಕಟ್ಟೆ ತುಂಬುವುದು ಆ ನೀರಿನಿಂದ. ನಮ್ಮ ತಲೆಯ ಮೇಲಿನ ಆಕಾಶ ನೋಡಿಕೊಂಡು ನಾನು ಬೇಸಾಯ ಮಾಡಿದರೆ ಕೆಟ್ಟೆ. ಕೊಡಗಿನ ಆಕಾಶ ನೋಡಬೇಕು, ಅದನ್ನು ನೋಡುವುದು ಟಿವಿಯಲ್ಲಿ. ಇದರಲ್ಲಿ ಮನಸ್ಸಿಟ್ಟು ಅನುಭವಿಸುವಂಥದ್ದು ಏನಿದೆಯೋ ಅಕ್ಕನೇ ಹೇಳಬೇಕು.

ಸಂವತ್ಸರಗಳ ಹೆಸರಿನ ಸಂಗತಿ ಅವಳೇ ಎತ್ತಿದ್ದರಿಂದ ಹೇಳುತ್ತೇನೆ. 2023ರ ಯುಗಾದಿಗೆ ಹುಟ್ಟಿದ್ದು ಶೋಭಕೃತ್. ಶೋಭೆ ತರುವ ವರ್ಷ ಎಂದು ಅರ್ಚಕರು ಓದಿದರು, ನಾವು ಕೈ ಮುಗಿದೆವು. ಆ ವರ್ಷ ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾವೆಲ್ಲ ಕಾವೇರಿ ನೀರಿಗಾಗಿ ಹೆದ್ದಾರಿಯಲ್ಲಿ ಧರಣಿ ಕೂತಿದ್ದೆವು. ಮುಂದೆ ಬಂದದ್ದು ಕ್ರೋಧಿ, ಹೆಸರು ಕೇಳಿಯೇ ಎದೆ ಧಸಕ್ಕೆಂದಿತ್ತು. ಜುಲೈನಲ್ಲೇ ತುಂಬಿ ಹರಿಯಿತು. ಆಮೇಲೆ ವಿಶ್ವಾವಸು, 2025ರ ಜೂನ್ ಮುಗಿಯುವ ಮೊದಲೇ ತುಂಬಿತು. ಹಾಗಾಗಿ ಪರಾಭವ ಎಂದರೆ ನನಗೆ ಹೆದರಿಕೆಯಿಲ್ಲ, ಭರವಸೆಯೂ ಇಲ್ಲ.

ಅಕ್ಕನ ಲೆಕ್ಕದಲ್ಲಿ ವರ್ಷಕ್ಕೆ ಒಂದು ಮೊದಲಿರುತ್ತದೆ, ಅಲ್ಲಿ ನಿಂತು ಹಿಂದೆ ನೋಡಬೇಕು. ಕಬ್ಬು ಬೆಳೆಯುವವನು ಎಲ್ಲಿ ನಿಲ್ಲಬೇಕು? ಕಬ್ಬಿನ ವರ್ಷ ನಾಟಿ ಮಾಡಿದ ದಿನ ಹುಟ್ಟುತ್ತದೆ. ನನಗೆ ಮೂರು ತಾಕು. ನಾಲೆ ಪಕ್ಕದ್ದಕ್ಕೆ ಈಗ ಎಂಟು ತಿಂಗಳು. ಬಾವಿ ಹತ್ತಿರದ್ದು ಕೂಳೆ, ಕಡಿದ ಬುಡದಿಂದ ಮತ್ತೆ ಚಿಗುರಿದ್ದು, ಅದಕ್ಕೆ ಮೂರು. ಇನ್ನೊಂದು ಹನ್ನೆರಡು ದಾಟಿ, ಹೂವಾಡಿ, ಕಾರ್ಖಾನೆಯಿಂದ ಕಟಾವಿನ ಅನುಮತಿ ಬರಲಿ, ಕಡಿಯುವ ಆಳುಗಳು ಬರಲಿ ಎಂದು ಕಾಯುತ್ತ ನಿಂತಿದೆ. ಮೂರು ತಾಕಿಗೆ ಮೂರು ಯುಗಾದಿ. ಕಬ್ಬು ಒಣಗಿ ತೂಕ ಇಳಿಯುತ್ತಿರುವಾಗ ನಾನು ಮಾಡುವ ಆತ್ಮಾವಲೋಕನವನ್ನು ಅಚ್ಚು ಹಾಕಲು ಬರುವುದಿಲ್ಲ.

ಯುಗಾದಿಯ ದಿನ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಹೂಡುವುದನ್ನು ಅಕ್ಕ ಬರೆಯದೆ ಬಿಟ್ಟಿರುವುದು ಆಶ್ಚರ್ಯ. ಚಿಕ್ಕವಳಿದ್ದಾಗ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದವಳು ಅವಳೇ. ಆ ವರ್ಷ ಯಾರ ಹೆಸರಿನಲ್ಲಿ ಮೊದಲ ಆರು ಎಂದು ಪಂಚಾಂಗ ನೋಡಿ ಹೇಳುತ್ತಿದ್ದರು, ಅವನ ಜೋಡೆತ್ತು ಮುಂದೆ, ಊರೆಲ್ಲ ಹಿಂದೆ. ಈಗ ನಮ್ಮೂರಿನಲ್ಲಿ ಹೂಡುವ ಎತ್ತು ಇರುವುದು ಎರಡು ಮನೆಯಲ್ಲಿ. ಹೋದ ವರ್ಷ ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಎರಡು ಸಾಲು ಉತ್ತು ಶಾಸ್ತ್ರ ಮುಗಿಸಿದೆವು. ಡ್ರೈವರ್ ಬಾಡಿಗೆಯವನು, ಗಂಟೆಯ ಲೆಕ್ಕ. ಬೇಗ ಮುಗಿಸಿ ಎಂದ.

ಈಗ ನನಗೆ ಸಿಟ್ಟು ಬಂದ ಸಂಗತಿ. ಅವರೆಕಾಯಿಯ ಸೊಗಡು, ಬೆರಕೆ ಸೊಪ್ಪಿನ ಸಾರು ಎಂದು ಅವಳು ಬರೆದಿದ್ದಾಳೆ. ಹಿದುಕಿದ ಬೇಳೆ ಸಾರು ನನಗೂ ಪ್ರಾಣ. ಆದರೆ ಅದನ್ನು ಹಿದುಕುತ್ತಿದ್ದವರು ಯಾರು? ಪುಷ್ಯ ಮಾಸದ ಚಳಿಯಲ್ಲಿ ರಾತ್ರಿ ನೆನೆಹಾಕಿದ ಕಾಳನ್ನು ಅವ್ವ ಬೆಳಗಿನ ಜಾವ ಎದ್ದು ಒಂದೊಂದಾಗಿ ಒತ್ತಿ ಸಿಪ್ಪೆ ಬಿಡಿಸುತ್ತಿದ್ದಳು. ಹನ್ನೆರಡು ಜನರ ಮನೆ. ಹೆಬ್ಬೆರಳಿನ ಉಗುರಿನ ಸಂದಿ ಕಪ್ಪಾಗಿ ಬಿರಿದಿರುತ್ತಿತ್ತು, ಅದಕ್ಕೆ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಹಾಲು ಕರೆಯಲು ಹೋಗುತ್ತಿದ್ದಳು. ಋತುವಿಗೆ ತಕ್ಕ ಹಾಗೆ ಬದುಕುವುದು ಎಂದರೆ ಆ ಮನೆಯಲ್ಲಿ ಋತುವಿಗೆ ತಕ್ಕ ಕೆಲಸ ಹೆಂಗಸರ ಮೇಲೆ ಬೀಳುವುದು ಎಂದೇ ಅರ್ಥ. ಬೇಸಿಗೆಗೆ ಹಪ್ಪಳ ಸಂಡಿಗೆ, ಮಳೆಗೆ ಹಸಿ ಸೌದೆಯ ಹೊಗೆ, ಚಳಿಗೆ ಅವರೆ. ನನ್ನ ಹೆಂಡತಿ ಪ್ಯಾಕೆಟ್ಟಿನ ಬೇಳೆಯನ್ನೇ ತರುತ್ತಾಳೆ. ಸೊಗಡು ಕಡಿಮೆ ಇದ್ದರೆ ಇರಲಿ.

ಮಳೆ ಗಾದೆಗಳ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎಂದು ತಾತ ಹೇಳುತ್ತಿದ್ದ. ಗಾದೆಯಲ್ಲಿ ಇಲ್ಲದ ಮಳೆಗಳು ಈಗ ಬರುತ್ತವೆ. 2021ರ ನವೆಂಬರ್‌ನಲ್ಲಿ, ರಾಗಿ ಕೊಯ್ದು ಹೊಲದಲ್ಲಿ ಹರವಿದ್ದಾಗ, ಬಿಡದೆ ಹುಯ್ದು ತೆನೆಯಲ್ಲೇ ಮೊಳಕೆ ಬಂತು. ಆ ದಿನದ ಪುಟದಲ್ಲಿ ಅಕ್ಕ ಏನು ಬರೆದಿದ್ದಾಳೆ ಎಂದು ಫೋನ್ ಮಾಡಿ ಕೇಳಿದೆ. ಡೈರಿ ತೆಗೆದು ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಚಳಿ ಚೆನ್ನಾಗಿದೆ, ಕಾಫಿ ಎರಡು ಸಲ" ಎಂದು ಓದಿದಳು. ತಪ್ಪು ಅವಳದಲ್ಲ. ಕಿಟಕಿಯಿಂದ ಕಾಣುವುದು ಅಷ್ಟೇ.

ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಚಳಿಗಾಲದಲ್ಲಿ ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಹೇಳುತ್ತಾರೆ. ಭಾನುವಾರ ಕ್ಯಾಮೆರಾ ಹಿಡಿದು ಬಂದವರು ಕತ್ತೆತ್ತಿ ನೋಡಿ ಪರವಶರಾಗುತ್ತಾರೆ, ಅಕ್ಕನೂ ಆಗಿದ್ದಾಳೆ. ಮರದ ಕೆಳಗಿನ ಮನೆಯವರು ಮೊದಲು ನೋಡುವುದು ಅಂಗಳ. ಹಿಕ್ಕೆ ಗುಡಿಸಬೇಕು, ನಾರುವ ಮೀನು ಎತ್ತಿ ಹಾಕಬೇಕು, ಗೊಬ್ಬರಕ್ಕಾಗುವುದನ್ನು ಗುಂಡಿಗೆ ಸೇರಿಸಬೇಕು. ಅವರಿಗೆ ಆ ಹಕ್ಕಿಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಅಕ್ಕನಿಗಿಂತ ಹೆಚ್ಚೇ ಇರಬಹುದು. ಅದನ್ನು ಕೂತು ಬರೆಯಲು ಪುರುಸೊತ್ತಿಲ್ಲ.

ಈ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ, ರಾತ್ರಿ ಎರಡು ಗಂಟೆಗೆ ನಮ್ಮ ತೂಬಿನ ಸರದಿ. ಟಾರ್ಚು ಚಾರ್ಜಿಗೆ ಹಾಕಿದ್ದೇನೆ. ಇನ್ನೊಂದು ಸುದ್ದಿ. ಈ ಸಲ ಯುಗಾದಿ ಗುರುವಾರ, ಹಾಗಾದರೆ ವರ್ಷತೊಡಕು ಶುಕ್ರವಾರ. ಆದರೆ ನಮ್ಮ ಊರಿನ ಹುಡುಗರೆಲ್ಲ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ, ಅವರಿಗೆ ರಜೆ ಇರಬೇಕಲ್ಲ, ಆದ್ದರಿಂದ ಬಾಡೂಟವನ್ನು 22ನೇ ತಾರೀಕು ಭಾನುವಾರಕ್ಕೆ ಹಾಕಿಕೊಂಡಿದ್ದೇವೆ. ಚಂದ್ರನನ್ನು ಕೇಳಿಲ್ಲ. ಗುಡ್ಡೆ ಮಾಂಸಕ್ಕೆ ಹೆಸರು ಬರೆಸುವಾಗ ಅಕ್ಕನ ಪಾಲಿಗೂ ಒಂದು ಬರೆಸಿದ್ದೇನೆ. ಮೊದಲ ಬಸ್ಸಿಗೇ ಬರಲಿ.